ಅಚ್ಚಿನೊಳಗೆ ಉಳಿದ ಲೆಕ್ಕ

ಒಲೆಯ ಮೇಲೆ ಬೇಯಿಸದೆ ಮಾಡುವ ಸಾಬೂನು ತನಗೆ ಹಾಕಿದ್ದನ್ನೆಲ್ಲ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಎಣ್ಣೆ, ಕಾಸ್ಟಿಕ್ ಸೋಡಾ, ಗಾಣದ ಎಣ್ಣೆಯ ಗಸಿ, ಬೋರ್‌ವೆಲ್ ನೀರಿನ ಕಬ್ಬಿಣ, ಕೈತಪ್ಪಿ ಹೆಚ್ಚಾಗಿ ಬಿದ್ದ ಐದು ಗ್ರಾಂ ಕ್ಷಾರ, ಎಲ್ಲವೂ ಅಚ್ಚಿನಲ್ಲೇ ಉಳಿಯುತ್ತವೆ. ವಾರಗಟ್ಟಲೆ ಒಣಗಿಸಿದರೂ ಹೊರಗೆ ಹೋಗುವುದು ನೀರು ಮಾತ್ರ. ಕೆಟ್ಟ ಬಿಲ್ಲೆಯನ್ನು ಕೈಯಲ್ಲಿ ಹಿಡಿದು 'ಈ ಸಲ ಕೈ ಕೊಟ್ಟಿತು' ಎಂದು ಎಸೆಯುವವರು ಅದರೊಳಗೆ ಕೂತಿರುವ ಸಾಕ್ಷ್ಯವನ್ನೂ ಎಸೆಯುತ್ತಾರೆ. ಬಿಲ್ಲೆ ಮೆತ್ತಗಿದೆಯೋ, ಪುಡಿಯಾಗುತ್ತದೋ, ಮೇಲೆ ಬೂದಿ ಬಂದಿದೆಯೋ, ಎರಡು ತಿಂಗಳ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಮೂಡಿತೋ, ಒಂದೊಂದಕ್ಕೂ ತೂಕ, ನೀರು, ಶಾಖ, ಕಾಲ ಎಂಬ ನಾಲ್ಕರಲ್ಲಿ ಒಂದು ಕಾರಣ ಇದ್ದೇ ಇರುತ್ತದೆ.

ಈ ಅಧ್ಯಾಯದಲ್ಲಿ ಅಂಥ ಬಿಲ್ಲೆಗಳನ್ನು ಓದುವುದು ಹೇಗೆಂದು ನೋಡೋಣ. ಓದಲು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯ ಸುತ್ತಮುತ್ತಲನ್ನೇ ಆರಿಸಿಕೊಂಡಿದ್ದೇನೆ. ಆಂಧ್ರದ ಗಡಿಗೆ ಹತ್ತಿರದ ಊರು ಅದು. ಸುತ್ತ ಮಾವಿನ ತೋಪು, ಕಡಲೆಕಾಯಿ, ರಾಗಿ, ಹೊಲದ ಬದುವಿನಲ್ಲಿ ಹೊಂಗೆ, ಹಿತ್ತಿಲಲ್ಲಿ ಹರಳು, ಮನೆಯಲ್ಲಿ ಕರೆಯುವ ಹಸು, ನೀರಿಗೆ ಆಳದ ಕೊಳವೆಬಾವಿ. ಸಾಬೂನಿಗೆ ಬೇಕಾದ್ದು ಬಹುಪಾಲು ಇಲ್ಲಿದೆ. ಸಾಬೂನನ್ನು ಕೆಡಿಸುವುದೂ ಬಹುಪಾಲು ಇಲ್ಲೇ ಇದೆ.

ತೊಳೆಯಲು ಅವಕಾಶವಿಲ್ಲದ ಸಾಬೂನು

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧ ನಿಂತುಹೋಯಿತು. 1916ರಲ್ಲಿ ಇಲ್ಲಿಯೇ ಗಂಧದೆಣ್ಣೆ ಬಟ್ಟಿ ಇಳಿಸುವ ಕೆಲಸ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅದರ ರಸಾಯನ ವಿಜ್ಞಾನ ನೋಡಿಕೊಂಡರು. ಆ ಎಣ್ಣೆ ಹಾಕಿ ಸಾಬೂನು ಮಾಡುವ ಯೋಜನೆಗೆ ಬೆನ್ನೆಲುಬಾದ ಮೈಸೂರಿನ ದಿವಾನ ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿ, 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು. ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಸಾಬೂನು ತಂತ್ರ ಕಲಿತು ಬಂದರು. 1918ರ ಹೊತ್ತಿಗೆ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಸೋಪು ಪೇಟೆಗೆ ಬಂತು.

ಆ ಕಾಲದ ಸಾಬೂನು ಕಾರ್ಖಾನೆಗಳು ಜಗತ್ತಿನಾದ್ಯಂತ ಅನುಸರಿಸುತ್ತಿದ್ದ ಕ್ರಮದಲ್ಲಿ ಒಂದು ದೊಡ್ಡ ಅನುಕೂಲ ಇತ್ತು. ಎಣ್ಣೆಗೆ ಬೇಕಾದ್ದಕ್ಕಿಂತ ಹೆಚ್ಚು ಕ್ಷಾರ ಹಾಕಿ ಕೊಪ್ಪರಿಗೆಯಲ್ಲಿ ಕುದಿಸುತ್ತಿದ್ದರು. ಎಣ್ಣೆಯೆಲ್ಲ ಸಾಬೂನಾದ ಮೇಲೆ ಉಪ್ಪು ಸುರಿಯುತ್ತಿದ್ದರು. ಉಪ್ಪುನೀರಿನಲ್ಲಿ ಸಾಬೂನು ಕರಗದು. ಹರಳುಹರಳಾಗಿ ಮೇಲೆ ತೇಲುತ್ತದೆ. ಮಿಕ್ಕ ಕ್ಷಾರ, ಎಣ್ಣೆಯ ಕೊಳೆ, ಗ್ಲಿಸರಿನ್ ಎಲ್ಲ ಕೆಳಗಿನ ನೀರಿಗೆ ಇಳಿಯುತ್ತವೆ. ಆ ನೀರನ್ನು ಹೊರಗೆ ಬಿಟ್ಟು, ಬೇಕಿದ್ದರೆ ಇನ್ನೊಂದು ಸಲ ಕುದಿಸಿ, ಮತ್ತೆ ತೊಳೆಯಬಹುದು. ತೂಕ ಸ್ವಲ್ಪ ಅತ್ತಿತ್ತ ಆದರೂ ನಡೆಯುತ್ತಿತ್ತು. ತಪ್ಪು ಕೆಳಗಿನ ಕೊಳಾಯಿಯಲ್ಲಿ ಹರಿದುಹೋಗುತ್ತಿತ್ತು.

ಮನೆಯಲ್ಲಿ ಬೇಯಿಸದೆ ಮಾಡುವ, ಕೋಲ್ಡ್ ಪ್ರೋಸೆಸ್ ಎನ್ನುವ ಸಾಬೂನಿಗೆ ಆ ಕೊಳಾಯಿ ಇಲ್ಲ. ಗ್ಲಿಸರಿನ್ ಬಿಲ್ಲೆಯಲ್ಲೇ ಉಳಿಯುವುದು ಅದರ ಹೆಚ್ಚುಗಾರಿಕೆ ಎನ್ನುತ್ತೇವೆ. ನಿಜ. ಆದರೆ ಯಾವ ಕಾರಣಕ್ಕೆ ಗ್ಲಿಸರಿನ್ ಉಳಿಯುತ್ತದೋ ಅದೇ ಕಾರಣಕ್ಕೆ ತಪ್ಪೂ ಉಳಿಯುತ್ತದೆ. ಲೆಕ್ಕವನ್ನು ಅಚ್ಚಿಗೆ ಸುರಿಯುವ ಮೊದಲೇ ಮುಗಿಸಬೇಕು.

ಲೀಟರು ಮತ್ತು ಕಿಲೋ

ಎಣ್ಣೆಯ ಒಂದು ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್‌ಗೆ ಅಂಟಿಕೊಂಡಿರುತ್ತವೆ. ಕೊಬ್ಬು ಈ ಎರಡರಿಂದ ಆದದ್ದೆಂದು ಬಿಡಿಸಿ ತೋರಿಸಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರೂಲ್; ಅವರ ಗ್ರಂಥ ಬಂದದ್ದು 1823ರಲ್ಲಿ. ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ, ಆ ಮೂರು ಅಂಟುಗಳನ್ನೂ ಕಡಿಯುತ್ತದೆ. ಒಂದು ಎಣ್ಣೆಯ ಅಣುವಿಗೆ ಮೂರು ಕಾಸ್ಟಿಕ್. ಹೊರಬರುವುದು ಮೂರು ಸಾಬೂನು, ಒಂದು ಗ್ಲಿಸರಿನ್.

ಕೊಬ್ಬರಿ ಎಣ್ಣೆಯ ಆಮ್ಲಗಳು ಗಿಡ್ಡ; ಅರ್ಧದಷ್ಟು ಲಾರಿಕ್ ಆಮ್ಲವೇ. ಅಣು ಗಿಡ್ಡವಾದಷ್ಟೂ ಒಂದು ಗ್ರಾಮಿನಲ್ಲಿ ಹೆಚ್ಚು ಅಣುಗಳು ಇರುತ್ತವೆ, ಅಷ್ಟೂ ಹೆಚ್ಚು ಕಾಸ್ಟಿಕ್ ಬೇಕಾಗುತ್ತದೆ. ಹೊಂಗೆ, ಕಡಲೆಕಾಯಿ, ಹರಳೆಣ್ಣೆಗಳ ಆಮ್ಲಗಳು ಉದ್ದ. ಆದ್ದರಿಂದ ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಬೇಕಾದರೆ ಕಡಲೆಕಾಯಿ ಎಣ್ಣೆಗೆ 0.136, ಹೊಂಗೆಗೆ 0.130, ಹರಳೆಣ್ಣೆಗೆ 0.128 ಸಾಕು. ಸಾಬೂನು ಮಾಡುವವರು ಸ್ಯಾಪ್ ವ್ಯಾಲ್ಯೂ ಎನ್ನುವುದು ಇದನ್ನೇ.

ಒಂದು ಕಿಲೋ ಎಣ್ಣೆಯ ಲೆಕ್ಕ ಹಾಕೋಣ. ಕೊಬ್ಬರಿ ಎಣ್ಣೆ 400 ಗ್ರಾಂ, ಕಡಲೆಕಾಯಿ ಎಣ್ಣೆ 350, ಹೊಂಗೆ 150, ಹರಳೆಣ್ಣೆ 100. ಇವಕ್ಕೆ ಕ್ರಮವಾಗಿ 73.2, 47.6, 19.5 ಮತ್ತು 12.8 ಗ್ರಾಂ ಕಾಸ್ಟಿಕ್. ಒಟ್ಟು 153.1. ಇಷ್ಟನ್ನೂ ಹಾಕಿದರೆ ಎಣ್ಣೆ ಪೂರ್ತಿ ಮುಗಿದು, ಚೂರು ಏರುಪೇರಾದರೂ ಕ್ಷಾರ ಮಿಗುತ್ತದೆ. ಹಾಗಾಗಿ ನೂರಕ್ಕೆ ಐದರಷ್ಟು ಕಡಿಮೆ, ಅಂದರೆ 145.4 ಗ್ರಾಂ ಹಾಕುವುದು ವಾಡಿಕೆ. ಸ್ವಲ್ಪ ಎಣ್ಣೆ ಸಾಬೂನಾಗದೆ ಉಳಿಯುತ್ತದೆ. ಇದೇ ಸೂಪರ್‌ಫ್ಯಾಟ್. ಚರ್ಮಕ್ಕೆ ನಯ ಕೊಡುವುದು ಅದರ ಒಂದು ಕೆಲಸ. ತೂಕದ ತಪ್ಪನ್ನು ತಾಳಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ.

ಆ ತಾಳ್ಮೆ ಎಷ್ಟು ಬೇಗ ಮುಗಿಯುತ್ತದೆ ನೋಡಿ. ಅಂಗಡಿಯ ಎಣ್ಣೆ ಪ್ಯಾಕೆಟ್ಟಿನ ಮೇಲೆ ಒಂದು ಲೀಟರ್ ಎಂದು ದಪ್ಪಕ್ಷರದಲ್ಲೂ 910 ಗ್ರಾಂ ಎಂದು ಸಣ್ಣಕ್ಷರದಲ್ಲೂ ಅಚ್ಚಾಗಿರುತ್ತದೆ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರನ್ನು ಒಂದು ಕಿಲೋ ಎಂದುಕೊಂಡು ಕೊಬ್ಬರಿ ಎಣ್ಣೆಗೆ ಐದು ಶೇಕಡಾ ಕಡಿತ ಮಾಡಿಯೇ 173.9 ಗ್ರಾಂ ಕಾಸ್ಟಿಕ್ ಹಾಕಿದಿರಿ ಎನ್ನೋಣ. ಅಸಲಿಗೆ 910 ಗ್ರಾಮಿಗೆ ಬೇಕಾದ್ದು 166.5. ಸೂಪರ್‌ಫ್ಯಾಟ್ ಪೂರ್ತಿ ಕರಗಿಹೋಗಿ 7.4 ಗ್ರಾಂ ಕಾಸ್ಟಿಕ್ ಬಿಲ್ಲೆಗಳಲ್ಲಿ ಹಾಗೆಯೇ ಕೂತಿರುತ್ತದೆ. ನೀರೂ ಸೇರಿ ಸುಮಾರು 1,430 ಗ್ರಾಂ ತೂಗುವ ಆ ಹಸಿ ಸಾಬೂನಿನಲ್ಲಿ ಅದು ಅರ್ಧ ಶೇಕಡಾ. ಸ್ನಾನದ ಸಾಬೂನಿಗೆ ಭಾರತೀಯ ಮಾನಕ ಐಎಸ್ 2888 ಒಪ್ಪುವ ಮಿಕ್ಕ ಕಾಸ್ಟಿಕ್ ಶೇಕಡಾ 0.05 ಮಾತ್ರ. ಹತ್ತು ಪಟ್ಟು ದಾಟಿದೆ.

ಎಣ್ಣೆ ಬದಲಿಸುವಾಗಲೂ ಇದೇ ಕಥೆ. ಕೊಬ್ಬರಿ ಎಣ್ಣೆ ದುಬಾರಿಯಾಯಿತೆಂದು ಮೇಲಿನ ಪಟ್ಟಿಯ 400 ಗ್ರಾಮನ್ನೂ ಕಡಲೆಕಾಯಿ ಎಣ್ಣೆಗೆ ಬದಲಾಯಿಸಿ, ಕಾಸ್ಟಿಕ್ ಮಾತ್ರ ಹಳೆಯದೇ ಇಟ್ಟರೆ 11 ಗ್ರಾಂ ಮಿಗುತ್ತದೆ. ಅಡುಗೆಮನೆಯ ತಕ್ಕಡಿ ಐದು ಗ್ರಾಂ ಅತ್ತಿತ್ತ ತೋರಿಸಿದರೆ 145 ಗ್ರಾಮಿನಲ್ಲಿ ಅದು ಮೂರೂವರೆ ಶೇಕಡಾ. ಎಣ್ಣೆಗೆ ಅಂಥ ತಕ್ಕಡಿ ಸಾಕು, ಕಾಸ್ಟಿಕ್ಕಿಗೆ ಸಾಲದು. ಒಂದು ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ತೂಗುವ ಯಂತ್ರ ಬೇಕು.

ಕ್ಷಾರ ಮಿಕ್ಕ ಸಾಬೂನಿನ ಗುರುತು: ಕೊಯ್ದರೆ ಸೀಮೆಸುಣ್ಣದಂತೆ ಪುಡಿಯಾಗುವುದು, ಬಿರುಸು, ಕೆಲವೊಮ್ಮೆ ಬಿರುಕಿನಲ್ಲಿ ಹೊಳೆಯುವ ನೀರಿನ ಹನಿ. ಆ ಹನಿ ಗಾಢ ಕಾಸ್ಟಿಕ್ ದ್ರಾವಣ, ಬರಿಗೈಯಲ್ಲಿ ಮುಟ್ಟಬಾರದು. ಕೋಲಾರದ ಕಡೆ ರೇಷ್ಮೆ ಬಲ್ಲವರಿಗೆ ಇದರ ಅಪಾಯ ವಿವರಿಸಬೇಕಿಲ್ಲ. ಹಸಿ ರೇಷ್ಮೆಯ ಅಂಟು ತೆಗೆಯಲು ಸಾಬೂನು, ಸೋಡಾ ಹಾಕಿ ಕುದಿಸುತ್ತಾರೆ. ಕ್ಷಾರ ಮಿತಿಮೀರಿದರೆ ಎಳೆಯೇ ಸವೆಯುತ್ತದೆ. ರೇಷ್ಮೆಯೂ ಪ್ರೋಟೀನು, ನಮ್ಮ ಚರ್ಮವೂ ಪ್ರೋಟೀನು.

ಕಾಸ್ಟಿಕ್ ಡಬ್ಬಿಯೊಳಗೆ

ಲೆಕ್ಕ, ತೂಕ ಎರಡೂ ಸರಿ ಇದ್ದು ಸಾಬೂನು ಮೆತ್ತಗೆ, ಜಿಡ್ಡಾಗಿ ಉಳಿದರೆ ಕಾಸ್ಟಿಕ್ ಡಬ್ಬಿಯನ್ನು ಅನುಮಾನಿಸಬೇಕು. ಕಾಸ್ಟಿಕ್ ಸೋಡಾ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡನ್ನೂ ಎಳೆದುಕೊಂಡು ನಿಧಾನವಾಗಿ ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಬಾಯಿ ಬಿಚ್ಚಿದ ಚೀಲದಿಂದ ಬಿಡಿಯಾಗಿ ಕಟ್ಟಿಕೊಟ್ಟ ಚಕ್ಕೆಗಳು ಒಂದಕ್ಕೊಂದು ಅಂಟಿ ಹೆಂಟೆಯಾಗಿದ್ದರೆ ನೀವು ತೂಗುತ್ತಿರುವುದರಲ್ಲಿ ನೀರೂ ಕಾರ್ಬೊನೇಟೂ ಸೇರಿವೆ. ಕಾರ್ಬೊನೇಟಿಗೆ ತಣ್ಣನೆಯ ಎಣ್ಣೆಯನ್ನು ಸಾಬೂನು ಮಾಡುವ ಶಕ್ತಿ ಇಲ್ಲ. ನೂರಕ್ಕೆ ಹತ್ತು ಪಾಲು ಹೀಗೆ ಕೆಟ್ಟಿದ್ದರೆ, ನೀವು ಐದು ಶೇಕಡಾ ಎಂದುಕೊಂಡ ಸೂಪರ್‌ಫ್ಯಾಟ್ ವಾಸ್ತವದಲ್ಲಿ ಹದಿನಾಲ್ಕೂವರೆ ಶೇಕಡಾ ಆಗುತ್ತದೆ. ಬಿಲ್ಲೆ ಗಟ್ಟಿಯಾಗದು, ನೊರೆ ಕಮ್ಮಿ, ಬೇಗ ಕಮಟು ವಾಸನೆ.

ಚರಂಡಿ ಬಿಡಿಸಲು ಮಾರುವ ಪುಡಿಗಳಲ್ಲಿ ಅಲ್ಯೂಮಿನಿಯಂ ಚೂರು, ಬೇರೆ ಲವಣ ಬೆರೆತಿರಬಹುದು. ಅವು ಸಾಬೂನಿಗೆ ಸಲ್ಲವು. ಪಾತ್ರೆಯೂ ಅಷ್ಟೇ ಮುಖ್ಯ. ಹಿಂಡಾಲಿಯಂ ಆಗಲಿ, ಹಳೆಯ ಅಲ್ಯೂಮಿನಿಯಂ ಡಬರಿಯಾಗಲಿ, ಕಾಸ್ಟಿಕ್ ಬಿದ್ದೊಡನೆ ನೊರೆಯೆದ್ದು ಹೈಡ್ರೋಜನ್ ಬಿಡುತ್ತವೆ. ಅದು ಹೊತ್ತಿಕೊಳ್ಳುವ ಅನಿಲ. ಜೊತೆಗೆ ಲೋಹವೇ ಕಾಸ್ಟಿಕ್ಕನ್ನು ತಿಂದುಹಾಕುವುದರಿಂದ ಲೆಕ್ಕವೂ ಕೆಡುತ್ತದೆ. ಸ್ಟೀಲ್ ಅಥವಾ ದಪ್ಪ ಪಾಲಿಪ್ರೊಪಿಲೀನ್ ಪಾತ್ರೆ ಸರಿ.

ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಕಾಸ್ಟಿಕ್ಕಿನ ಮೇಲೆ ನೀರು ಸುರಿದರೆ ಅದು ಸಿಡಿಯುತ್ತದೆ. ಕರಗುವಾಗಲೇ ದ್ರಾವಣ 80–90 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಕೈಗವಸು, ಕನ್ನಡಕ, ಬಾಗಿಲು ಕಿಟಕಿ ತೆರೆದ ಜಾಗ, ಮಕ್ಕಳು ದೂರ. ಮೈಗೆ ಸಿಡಿದರೆ ವಿನೆಗರ್, ನಿಂಬೆರಸ ಹುಡುಕುತ್ತ ಕೂರದೆ ಹರಿಯುವ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಬೇಕು.

ಹದ ಬಂದಂತೆ ಕಂಡದ್ದು

ಎಣ್ಣೆಗೆ ಕಾಸ್ಟಿಕ್ ದ್ರಾವಣ ಸುರಿದು ಕಡೆಯುತ್ತ ಹೋದರೆ ಮಿಶ್ರಣ ದೋಸೆ ಹಿಟ್ಟಿನಂತೆ ದಪ್ಪವಾಗಿ, ಸೌಟಿನಿಂದ ಇಳಿಬಿಟ್ಟ ಗೆರೆ ಮೇಲೆ ಕ್ಷಣಕಾಲ ನಿಲ್ಲುತ್ತದೆ. ಟ್ರೇಸ್ ಎನ್ನುವ ಹದ ಇದು. ಎಣ್ಣೆ ಮತ್ತು ನೀರು ಇನ್ನು ಬೇರೆಯಾಗವು ಎಂಬ ಭರವಸೆ.

ಚಳಿಗಾಲದಲ್ಲಿ ಈ ಭರವಸೆ ಸುಳ್ಳಾಗಬಹುದು. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಕೋಲಾರದ ಕಡೆ ಡಿಸೆಂಬರ್, ಜನವರಿ ಮುಂಜಾನೆಗಳು ತಂಪು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಹಿಪ್ಪೆ ಎಣ್ಣೆಯೂ ತಣ್ಣಗಾದರೆ ತುಪ್ಪದಂತಾಗುತ್ತದೆ. ತಣ್ಣನೆಯ ಎಣ್ಣೆಗೆ ತಣ್ಣನೆಯ ದ್ರಾವಣ ಬಿದ್ದಾಗ ಮಿಶ್ರಣ ದಪ್ಪವಾಗುವುದು ರಾಸಾಯನಿಕ ಕ್ರಿಯೆಯಿಂದಲ್ಲ, ಕೊಬ್ಬು ಹೆಪ್ಪುಗಟ್ಟಿದ್ದರಿಂದ. ಹದ ಬಂತೆಂದು ಅಚ್ಚಿಗೆ ಸುರಿದ ಮೇಲೆ ಕ್ರಿಯೆಯ ಶಾಖಕ್ಕೆ ಕೊಬ್ಬು ಕರಗಿ, ಮೇಲೆ ಎಣ್ಣೆಯ ಪದರ, ಕೆಳಗೆ ಕಾಸ್ಟಿಕ್ ನೀರು. ಎಣ್ಣೆಯನ್ನು ಪೂರ್ತಿ ಕರಗಿಸಿ, ಎಣ್ಣೆ ಮತ್ತು ದ್ರಾವಣ ಎರಡನ್ನೂ 38ರಿಂದ 45 ಡಿಗ್ರಿಯ ಆಸುಪಾಸಿಗೆ ತಂದು ಸೇರಿಸಿದರೆ ಈ ತೊಂದರೆ ಇರದು. ಬೇರೆಯಾಗಿ ನಿಂತದ್ದು ಕಂಡರೆ ಅದೇ ದಿನ ಕೈಗವಸು ಹಾಕಿಕೊಂಡು ಪೂರ್ತಿ ಪಾತ್ರೆಗೆ ವಾಪಸು ಸುರಿದು, ಬೆಚ್ಚಗೆ ಮಾಡಿ ಮತ್ತೆ ಕಡೆಯಬಹುದು. ಒಂದು ಹನಿಯೂ ಹೊರಗೆ ಹೋಗಿಲ್ಲದಿದ್ದರೆ ಲೆಕ್ಕ ಹಾಗೆಯೇ ಇರುತ್ತದೆ.

ಇದಕ್ಕೆ ಉಲ್ಟಾ ತೊಂದರೆ, ಕಡೆಯುವ ಕೋಲೇ ಸಿಕ್ಕಿಕೊಳ್ಳುವಷ್ಟು ಬೇಗ ಗಟ್ಟಿಯಾಗುವುದು. ಇಲ್ಲಿ ಮೊದಲ ಅನುಮಾನ ಹೊಂಗೆ ಎಣ್ಣೆಯ ಮೇಲೆ. ಹೊಂಗೆ ಬೀಜ ತೇವದಲ್ಲಿ ಬಹಳ ದಿನ ಬಿದ್ದಿದ್ದರೆ ಬೀಜದ ಕಿಣ್ವಗಳೇ ಎಣ್ಣೆಯನ್ನು ಒಡೆದು ಬಿಡಿ ಕೊಬ್ಬಿನಾಮ್ಲ ಮಾಡಿರುತ್ತವೆ. ಬಿಡಿ ಆಮ್ಲಕ್ಕೆ ಕಡಿಯಬೇಕಾದ ಅಂಟಿಲ್ಲ. ಕಾಸ್ಟಿಕ್ ಸೋಕಿದ ಕ್ಷಣವೇ ಸಾಬೂನಾಗುತ್ತದೆ. ಹೀಗೆ ಹುಟ್ಟಿದ ಸಾಬೂನು ಉಳಿದ ಎಣ್ಣೆಯನ್ನೂ ನೀರಿನಲ್ಲಿ ಕದಡಿ ಇಡೀ ಕೆಲಸವನ್ನು ಓಡಿಸುತ್ತದೆ. ಕಪ್ಪಾದ, ಮೂಗಿಗೆ ಘಾಟು ಹೊಡೆಯುವ ಎಣ್ಣೆಯಿದ್ದರೆ ಪಾಲು ಇಳಿಸಿ, ಶಾಖವನ್ನೂ ಇಳಿಸಿ, ಯಂತ್ರ ಬಿಟ್ಟು ಕೈಯಿಂದ ಕಡೆಯಿರಿ. ಎರಡನೆಯ ಅನುಮಾನ ಲವಂಗದ ಎಣ್ಣೆ. ಅದರ ಯೂಜಿನಾಲ್ ಕ್ಷಾರದೊಡನೆ ತಾನೇ ಸೇರಿಕೊಂಡು ಮಿಶ್ರಣವನ್ನು ನೋಡನೋಡುತ್ತಲೇ ಬಿಗಿಯುತ್ತದೆ. ಹೀಗೆ ಬಿಗಿದ ಸಾಬೂನು ನೋಡಲು ಒರಟಾದರೂ ತೂಕ ಸರಿಯಿದ್ದರೆ ಬಳಕೆಗೆ ಅಡ್ಡಿಯಿಲ್ಲ.

ಮಾವು, ಹಾಲು, ಬೆಲ್ಲ

ಶ್ರೀನಿವಾಸಪುರದ ಸೀಮೆಯಲ್ಲಿ ಸಾಬೂನು ಮಾಡುವವರಿಗೆ ಮಾವಿನ ತಿರುಳು ಹಾಕುವ ಆಸೆ ಬರದಿದ್ದರೆ ಆಶ್ಚರ್ಯ. ಬಾದಾಮಿ ಮಾವಿನ ಬಣ್ಣ ಬಿಲ್ಲೆಗೂ ಬಂದರೆ ಎಂಬ ಆಸೆ. ಬಣ್ಣ ಬರುವುದಿಲ್ಲ. ಹಣ್ಣಿನ ಸಕ್ಕರೆ ಕ್ಷಾರದ ಶಾಖದಲ್ಲಿ ಕಂದಿ ಇಡೀ ಬಿಲ್ಲೆ ಕಂದುಬಣ್ಣಕ್ಕೆ ತಿರುಗುತ್ತದೆ. ಬೆಲ್ಲ, ಜೇನು, ಹಾಲಿನ ಲ್ಯಾಕ್ಟೋಸ್ ಎಲ್ಲಕ್ಕೂ ಇದೇ ಗತಿ. ಬಿಸಿ ದ್ರಾವಣಕ್ಕೆ ಬಿದ್ದ ಹಾಲು ಕಿತ್ತಳೆಯಾಗಿ ಅಮೋನಿಯಾ ವಾಸನೆ ಹೊಡೆಯುವುದು ಅದರ ಪ್ರೋಟೀನು ಒಡೆಯುವುದರಿಂದ. ಹಾಲನ್ನು ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ ಕಾಸ್ಟಿಕ್ಕನ್ನು ಚಿಟಿಕೆ ಚಿಟಿಕೆಯಾಗಿ ಹಾಕುವವರು ಇದನ್ನು ತಪ್ಪಿಸುತ್ತಾರೆ.

ಸಕ್ಕರೆಯ ಇನ್ನೊಂದು ಕಿತಾಪತಿ ಶಾಖ. ಸಾಬೂನಾಗುವ ಕ್ರಿಯೆಯೇ ಬಿಸಿ ಹುಟ್ಟಿಸುತ್ತದೆ. ಸಕ್ಕರೆ ಬಿದ್ದರೆ ಬಿಸಿ ಇನ್ನೂ ಏರುತ್ತದೆ. ನಡುವೆ ಉಬ್ಬಿ, ಮೇಲ್ಮೈ ಬಿರಿದು, ಕೆಲವೊಮ್ಮೆ ಅಚ್ಚಿನಿಂದ ಉಕ್ಕಿ ಹರಿಯುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಸೂರಿನ ಕೆಳಗೆ ಕಂಬಳಿ ಹೊದಿಸಿ ಇಟ್ಟರೆ ಸಕ್ಕರೆಯೇ ಬೇಕಿಲ್ಲ. ಬಿಲ್ಲೆ ಕೊಯ್ದಾಗ ನಡುವೆ ಗಾಢ ವೃತ್ತ, ಅಂಚಿನಲ್ಲಿ ತಿಳಿ ಬಣ್ಣ ಕಂಡರೆ ನಡುಭಾಗ ಬಿಸಿಯಾಗಿ ಅರೆಪಾರದರ್ಶಕ ಹಂತ ದಾಟಿದೆ, ಅಂಚು ದಾಟಿಲ್ಲ ಎಂದರ್ಥ. ಅದು ನೋಟದ ದೋಷ ಮಾತ್ರ. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ ಹೆಚ್ಚಾದರೆ ಅವು ನೀರು ಹೀರಿಕೊಳ್ಳುವುದರಿಂದಲೂ ಬಿರುಕು ಬರುತ್ತದೆ. ನಿಂಬೆರಸ ಹಾಕುವವರು ಇನ್ನೊಂದು ಲೆಕ್ಕ ಮರೆಯಬಾರದು: ಅದರ ಒಂದು ಗ್ರಾಂ ಸಿಟ್ರಿಕ್ ಆಮ್ಲ 0.62 ಗ್ರಾಂ ಕಾಸ್ಟಿಕ್ಕನ್ನು ತಾನೇ ನುಂಗುತ್ತದೆ.

ಮಾವನ್ನು ಸಾಬೂನಿಗೆ ತರಬೇಕೆಂದರೆ ದಾರಿ ತಿರುಳಲ್ಲಿಲ್ಲ, ಗೊರಟೆಯಲ್ಲಿದೆ. ಗೊರಟೆಯೊಳಗಿನ ಬೀಜದ ಕೊಬ್ಬು ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳಿಂದ ತುಂಬಿದೆ, ಕೋಕೋ ಬೆಣ್ಣೆಯ ಹತ್ತಿರದ ಸಂಬಂಧಿ. ಬಿಲ್ಲೆಗೆ ಗಟ್ಟಿತನ ಕೊಡುತ್ತದೆ.

ಬಿಳಿ ಪುಡಿ ಮತ್ತು ಅರಿಶಿನದ ಪರೀಕ್ಷೆ

ಎರಡು ಮೂರು ದಿನದಲ್ಲಿ ಬಿಲ್ಲೆಯ ಮೇಲೆ ಬೂದಿಯಂಥ ಬಿಳಿ ಪುಡಿ ಬರುವುದು ಹೊಸಬರನ್ನು ಹೆಚ್ಚು ಹೆದರಿಸುವ ದೋಷ. ಇದೇ ಎಲ್ಲಕ್ಕಿಂತ ನಿರುಪದ್ರವಿಯೂ ಹೌದು. ಮೇಲ್ಮೈಯಲ್ಲಿ ಇನ್ನೂ ಸಾಬೂನಾಗದ ಕಾಸ್ಟಿಕ್ ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಸೋಡಿಯಂ ಕಾರ್ಬೊನೇಟ್ ಆಗಿದೆ. ಹಿಂದೆ ಮಡಿವಾಳರು ಬಟ್ಟೆಗೆ ತರುತ್ತಿದ್ದ ಚೌಳು ಮಣ್ಣಿನ ಬಿಳುಪಿಗೂ ಬಹಳಮಟ್ಟಿಗೆ ಇದೇ ಕಾರಣ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಥವಾ ಹಬೆ ಹಿಡಿದರೆ ಹೋಗುತ್ತದೆ. ಮುಂದಿನ ಸಲ ನೀರು ಸ್ವಲ್ಪ ಕಡಿಮೆ ಮಾಡಿ, ಮೊದಲ ದಿನ ಅಚ್ಚಿನ ಬಾಯಿ ಮುಚ್ಚಿಟ್ಟರೆ ಬರುವುದೇ ಕಡಿಮೆ.

ಆದರೆ ಪುಡಿ ಮೇಲೆ ಮಾತ್ರವಿದೆಯೋ, ಕ್ಷಾರ ಒಳಗೂ ಮಿಕ್ಕಿದೆಯೋ? ಇಲ್ಲಿ ಅರಿಶಿನ ನೆನಪಾಗುವುದು ಸಹಜ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪು ಕುಂಕುಮ. ಅರಿಶಿನದ ಕಲೆಗೆ ಸೋಪು ಹಚ್ಚಿದರೂ ಕೆಂಪು. ಹಾಗಾಗಿಯೇ ಸಾಬೂನಿನ ಪರೀಕ್ಷೆಗೆ ಅರಿಶಿನ ಉಪಯೋಗವಿಲ್ಲ. ಒಳ್ಳೆಯ ಸಾಬೂನಿನ ಪಿಎಚ್ಚೂ 9ರಿಂದ 10.5ರವರೆಗೆ ಇರುತ್ತದೆ, ಅಷ್ಟಕ್ಕೇ ಅರಿಶಿನ ಕೆಂಪಾಗಿಬಿಡುತ್ತದೆ. ಪಿಎಚ್ ಕಾಗದವೂ ಹೆಚ್ಚೇನೂ ಹೇಳದು. ಅನುಭವಿಗಳು ಒದ್ದೆ ಬೆರಳಿನಲ್ಲಿ ಬಿಲ್ಲೆ ಉಜ್ಜಿ ಆ ನೊರೆಯನ್ನು ನಾಲಗೆಯ ತುದಿಗೆ ಸೋಕಿಸುತ್ತಾರೆ. ಬ್ಯಾಟರಿ ಮುಟ್ಟಿದಂತೆ ಚುರುಕ್ಕೆಂದರೆ ಕ್ಷಾರ ಮಿಕ್ಕಿದೆ. ಪ್ರಯೋಗಾಲಯದವರು ಸಾಬೂನನ್ನು ಬಿಸಿ ಆಲ್ಕೋಹಾಲಿನಲ್ಲಿ ಕರಗಿಸಿ ಫಿನಾಲ್ಫ್ತಲೀನ್ ಹಾಕುತ್ತಾರೆ. ನೀರಿಲ್ಲದ ಕಡೆ ಸಾಬೂನು ತಾನೇ ಬಣ್ಣ ತೋರದು. ಗುಲಾಬಿಯಾದರೆ ಅದು ಮಿಕ್ಕ ಕಾಸ್ಟಿಕ್ಕೇ. ಮಾರಾಟಕ್ಕೆ ಮಾಡುವವರು ಈ ಎರಡನೆಯ ಪರೀಕ್ಷೆಯನ್ನೇ ನಂಬಬೇಕು.

ಬೋರಿನ ನೀರು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಆಳದ ಬಂಡೆಗಳ ಸಂದಿಯಿಂದ ಬರುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತು ತರುತ್ತದೆ. ಇವು ಸಾಬೂನಿನ ಸೋಡಿಯಮ್ಮನ್ನು ತಳ್ಳಿ ಆ ಜಾಗಕ್ಕೆ ತಾವು ಕೂರುತ್ತವೆ. ಆಗ ಹುಟ್ಟುವುದು ನೀರಿನಲ್ಲಿ ಕರಗದ ಬೂದು ಗಸಿ. ಬಕೆಟ್ಟಿನ ಅಂಚಿಗೆ, ಕೂದಲಿಗೆ ಅಂಟುವುದು ಅದೇ.

ಕುಡಿಯುವ ನೀರಿನ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. 500ರ ನೀರು ಎಂದಿಟ್ಟುಕೊಂಡು ಎರಡು ಲೆಕ್ಕ ಮಾಡೋಣ. ಸಾಬೂನು ಮಾಡಲು ಬಳಸುವ ನೀರು ಸುಮಾರು 290 ಗ್ರಾಂ. ಅದರ ಗಡಸುತನ ಹೆಚ್ಚೆಂದರೆ ಒಂದು ಗ್ರಾಮಿಗಿಂತ ಕಡಿಮೆ ಸಾಬೂನನ್ನು ಕೆಡಿಸೀತು. ಅದೇ ನೀರು 15 ಲೀಟರಿನ ಬಕೆಟ್ಟಿನಲ್ಲಿದ್ದರೆ ಅದನ್ನು ಪೂರ್ತಿ ಮೆದುವಾಗಿಸಲು ಸುಮಾರು 40 ಗ್ರಾಂ ಸಾಬೂನು ಗಸಿಯಾಗಬೇಕು, ಅಂದರೆ ಸಣ್ಣ ಬಿಲ್ಲೆಯ ಅರ್ಧ.

ಆದ್ದರಿಂದ 'ನೊರೆಯೇ ಬರಲಿಲ್ಲ, ಬ್ಯಾಚ್ ಕೆಟ್ಟಿತು' ಎಂದು ಬರೆದುಕೊಳ್ಳುವ ಮೊದಲು ಒಂದು ಚೊಂಬು ಮಳೆನೀರಿನಲ್ಲಿ ಕೈತೊಳೆದು ನೋಡಬೇಕು. ಅಲ್ಲಿ ನೊರೆ ಬಂದರೆ ಬಿಲ್ಲೆ ನಿರಪರಾಧಿ. ಮೇಲೆ ಹೇಳಿದ ಸಿಟ್ರಿಕ್ ಆಮ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾಸ್ಟಿಕ್ಕಿನಲ್ಲಿ ಅದು ಸೋಡಿಯಂ ಸಿಟ್ರೇಟ್ ಆಗಿ ಕ್ಯಾಲ್ಸಿಯಮ್ಮನ್ನು ಸ್ವಲ್ಪಮಟ್ಟಿಗೆ ಹಿಡಿದಿಡುತ್ತದೆ. ಒಂದು ಕಿಲೋ ಎಣ್ಣೆಗೆ 10 ಗ್ರಾಂ ಸಿಟ್ರಿಕ್ ಆಮ್ಲ ಹಾಕಿದರೆ 6.2 ಗ್ರಾಂ ಕಾಸ್ಟಿಕ್ ಹೆಚ್ಚಿಗೆ ಸೇರಿಸಬೇಕು. ಕೋಲಾರದ ನೀರಿನ ಬಗ್ಗೆ ಹೆಚ್ಚು ಕೇಳಿಬರುವ ಫ್ಲೋರೈಡ್ ಹಲ್ಲು, ಮೂಳೆಗೆ ಕಂಟಕವಾದರೂ ಸಾಬೂನನ್ನು ಕಾಡುವುದಿಲ್ಲ.

ಕಿತ್ತಳೆ ಚುಕ್ಕೆ

ಕೆಲವು ದೋಷಗಳು ತಿಂಗಳುಗಳ ಮೇಲೆ ಬರುತ್ತವೆ. ಚೆನ್ನಾಗಿ ಒಣಗಿದ ಬಿಲ್ಲೆಯಲ್ಲಿ ಕಿತ್ತಳೆ ಚುಕ್ಕೆ, ಹಳೆಯ ಎಣ್ಣೆಯ ವಾಸನೆ. ಗಾಳಿಯ ಆಮ್ಲಜನಕ ಎಣ್ಣೆಯನ್ನು ಕಮಟು ಹಿಡಿಸಿದೆ. ಸೂರ್ಯಕಾಂತಿ, ಸೋಯಾ ಎಣ್ಣೆಗಳ ಲಿನೋಲಿಯಿಕ್ ಆಮ್ಲ ಇದಕ್ಕೆ ಬೇಗ ಬಲಿಯಾಗುತ್ತದೆ. ಕೊಬ್ಬರಿ ಎಣ್ಣೆ ತಡೆದುಕೊಳ್ಳುತ್ತದೆ. ಬೋಂಡ ಕರಿದು ಉಳಿದ ಎಣ್ಣೆ ಆಗಲೇ ಅರ್ಧ ದಾರಿ ನಡೆದಿರುತ್ತದೆ. ಕಬ್ಬಿಣ ಮತ್ತು ತಾಮ್ರ ಈ ಕ್ರಿಯೆಯ ವೇಗ ಹೆಚ್ಚಿಸುತ್ತವೆ. ನೀರಿನ ಗಡಸುತನಕ್ಕಿಂತ ಅದರ ತುಕ್ಕು ಸಾಬೂನು ಮಾಡುವವರಿಗೆ ದೊಡ್ಡ ಶತ್ರು. ಮಳೆನೀರು ಅಥವಾ ಬಟ್ಟಿಯಿಳಿಸಿದ ನೀರು, ಸ್ಟೀಲ್ ಪಾತ್ರೆ, ಐದು ಶೇಕಡಾ ದಾಟದ ಸೂಪರ್‌ಫ್ಯಾಟ್, ಗಾಳಿಯಾಡುವ ನೆರಳು, ಇಷ್ಟಿದ್ದರೆ ಚುಕ್ಕೆ ಬಹಳಮಟ್ಟಿಗೆ ದೂರ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಬಿಲ್ಲೆಯ ಮೇಲೆ ಕಾಣುವ ಬೆವರ ಹನಿ ಮಾತ್ರ ಬೇರೆ. ಒಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡದ್ದು ಅದು. ಒರೆಸಿದರೆ ಆಯಿತು.

ಮತ್ತೆ ಕಾಯಿಸುವುದು

ದೋಷ ಗೊತ್ತಾದ ಮೇಲೆ ಬ್ಯಾಚನ್ನು ಉಳಿಸಬಹುದೇ ಎಂಬುದು ಪ್ರಶ್ನೆ. ಒಂದು ಲೀಟರನ್ನು ಒಂದು ಕಿಲೋ ಎಂದು ತಿಳಿದ ಉದಾಹರಣೆಗೇ ಹೋಗೋಣ. ಅಲ್ಲಿ ಏನು ತಪ್ಪಾಯಿತು, ಎಷ್ಟು ತಪ್ಪಾಯಿತು ಎರಡೂ ಗೊತ್ತು: ಪ್ಯಾಕೆಟ್ಟಿನಲ್ಲಿ ಇಲ್ಲದ 90 ಗ್ರಾಂ ಎಣ್ಣೆ. ಬಿಲ್ಲೆಗಳನ್ನು ತುರಿದು, 90 ಗ್ರಾಂ ಕೊಬ್ಬರಿ ಎಣ್ಣೆ, ಸ್ವಲ್ಪ ನೀರು ಸೇರಿಸಿ, ಕುದಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಎಲ್ಲ ಒಂದಾಗುತ್ತದೆ. ಮಾಡಬೇಕೆಂದಿದ್ದ ಐದು ಶೇಕಡಾ ಸೂಪರ್‌ಫ್ಯಾಟಿನ ಸಾಬೂನೇ ಸಿಗುತ್ತದೆ, ನುಣುಪು ಮಾತ್ರ ಕಮ್ಮಿ. ಕಾಸ್ಟಿಕ್ ಕಡಿಮೆಯಾಗಿ ಮೆತ್ತಗಾದದ್ದಕ್ಕೂ ಇದೇ ಕ್ರಮ. ಎಷ್ಟು ಕೊರತೆ ಎಂಬುದು ಗೊತ್ತಿದ್ದರೆ ಅಷ್ಟನ್ನು ನೀರಿನಲ್ಲಿ ಕರಗಿಸಿ ಸೇರಿಸಬಹುದು. ಕಮಟು ಹಿಡಿದ ಸಾಬೂನಿಗೆ ಈ ಚಿಕಿತ್ಸೆ ನಾಟದು; ಅದು ನೆಲ ಒರೆಸಲು ಸರಿ.

ಯಾವುದು ಎಷ್ಟು ಹಾಕಿದೆವೋ ನೆನಪಿಲ್ಲ, ಬಿಲ್ಲೆ ಮಾತ್ರ ಚುರುಕ್ಕೆನ್ನುತ್ತದೆ. ಅಂಥದ್ದಕ್ಕೆ ಕಾರ್ಖಾನೆಯ ಹಳೆಯ ದಾರಿಯೊಂದೇ. ತುರಿದ ಸಾಬೂನನ್ನು ಸ್ಟೀಲ್ ಪಾತ್ರೆಯಲ್ಲಿ ಬೇಕಾದಷ್ಟು ಮೆದು ನೀರು ಹಾಕಿ ಕುದಿಸಿ, ಉಪ್ಪು ಸುರಿಯುತ್ತ ಹೋಗುವುದು. ಕಡಲೆಕಾಯಿ, ಹೊಂಗೆಯ ಸಾಬೂನು ಬೇಗ ಬೇರ್ಪಟ್ಟು ತೇಲುತ್ತದೆ. ಕೊಬ್ಬರಿ ಎಣ್ಣೆಯ ಸಾಬೂನು ಉಪ್ಪಿಗೆ ಸುಲಭವಾಗಿ ಬಗ್ಗದು. ಸಮುದ್ರದ ನೀರಿನಲ್ಲೂ ನೊರೆ ಕೊಡುವ ಗುಣ ಅದಕ್ಕಿರುವುದರಿಂದ ಬಹಳ ಉಪ್ಪು ಬೇಕು. ತೇಲಿದ್ದನ್ನು ಎತ್ತಿ, ಉಪ್ಪುನೀರಿನಲ್ಲಿ ಮತ್ತೊಮ್ಮೆ ತೊಳೆದು ಅಚ್ಚಿಗೆ ಒತ್ತಬಹುದು. ಕೆಳಗುಳಿದ ನೀರು ಕ್ಷಾರವೂ ಹೌದು, ಉಪ್ಪೂ ಹೌದು. ಗಿಡದ ಬುಡಕ್ಕೆ ಸುರಿಯಬಾರದು. ನಮ್ಮ ಪಟ್ಟಿಯ ಒಂದು ಕಿಲೋ ಎಣ್ಣೆಯಿಂದ ಹುಟ್ಟಿದ ಸುಮಾರು 110 ಗ್ರಾಂ ಗ್ಲಿಸರಿನ್ ಬಹುಪಾಲು ಆ ನೀರಿನಲ್ಲೇ ಹೋಗುತ್ತದೆ.

ಸಾಬೂನು ಮಾಡುವವರ ಬಳಿ ತಕ್ಕಡಿಯಷ್ಟೇ ಮುಖ್ಯವಾಗಿ ಒಂದು ನೋಟ್‌ಬುಕ್ ಇರಬೇಕು. ಪ್ರತಿ ಎಣ್ಣೆಯ ತೂಕ ಗ್ರಾಮಿನಲ್ಲಿ, ಕಾಸ್ಟಿಕ್ಕಿನ ತೂಕ ಮತ್ತು ಡಬ್ಬಿ ಒಡೆದ ತಿಂಗಳು, ನೀರು ಎಲ್ಲಿಯದು, ಸೇರಿಸುವಾಗಿನ ಶಾಖ, ಆಮೇಲೆ ಬೆರೆಸಿದ್ದು ಏನು, ಇಷ್ಟನ್ನು ಬರೆದರೆ ಸಾಕು. ಬರೆದಿಟ್ಟವರಿಗೆ 90 ಗ್ರಾಂ ಎಣ್ಣೆಯಲ್ಲಿ ಮುಗಿಯುವ ಕೆಲಸಕ್ಕೆ, ಬರೆಯದವರು ಉಪ್ಪು, ಸೌದೆ, ಒಂದು ಹಗಲು ಮತ್ತು ಗ್ಲಿಸರಿನ್ನನ್ನು ತೆರಬೇಕಾಗುತ್ತದೆ.